ಪೈಪಕ್ಕ

ಮಾತು ಮುಗಿದ ಮೇಲೆ, ಅದು ಮುಗಿಯಿತೆಂಬುದನ್ನೂ ಬಾಯಿಬಿಟ್ಟು ಹೇಳಿಯೇ ಸುಮ್ಮನಾಗುವ ಮನುಷ್ಯರನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ, ನಮ್ಮ ಪೈಪಕ್ಕನನ್ನು. ಫೋನಿನಲ್ಲಾಗಲಿ, ಸಭೆಯಲ್ಲಾಗಲಿ, ಮೆಟ್ಟಿಲ ಮೇಲೆ ನಿಂತು ಆಡುವ ಎರಡು ಮಾತಿನಲ್ಲಾಗಲಿ, ಹೇಳಬೇಕಾದದ್ದನ್ನು ಹೇಳಿ, ಒಂದು ಕ್ಷಣ ತಡೆದು, "ನಂದು ಮುಗೀತು" ಎನ್ನುತ್ತಿದ್ದರು. ಅದರಲ್ಲಿ ಕೋಪವಿರಲಿಲ್ಲ, ಬಿಗುಮಾನವಿರಲಿಲ್ಲ; ಅಂಗಡಿಯವನು ಸಂಜೆ ಬಾಗಿಲೆಳೆದು ಬೀಗ ಜಗ್ಗಿ ನೋಡುವಂಥ ನೆಮ್ಮದಿಯೊಂದು ಮಾತ್ರ ಇರುತ್ತಿತ್ತು. ಹಾಗೆಯೇ ಎದುರಿನವರು ಮಾತು ನಿಲ್ಲಿಸಿದರೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಬಲಗೈಯ ತೋರುಬೆರಳನ್ನು ಅರ್ಧ ಎತ್ತಿ, ಕಣ್ಣು ಕಿರಿದು ಮಾಡಿ, "ಇನ್ನೂ ಇದೆಯಾ?" ಎಂದು ಕೇಳುತ್ತಿದ್ದರು. ಇಲ್ಲವೆಂದ ಮೇಲೆಯೇ ಅವರ ಸರದಿ. ಈ ಪ್ರಶ್ನೆಯ ಅಭ್ಯಾಸವಿಲ್ಲದವರು ತಬ್ಬಿಬ್ಬಾಗಿ, ಹೇಳಬಾರದೆಂದು ಬಂದದ್ದನ್ನೂ ಹೇಳಿಬಿಡುತ್ತಿದ್ದರು. ನಮ್ಮ ನಿರ್ದೇಶಕರು ಒಮ್ಮೆ ರಜೆ ಕೊಡುವುದಿಲ್ಲವೆಂದು ತಿಳಿಸಲು ಅವರನ್ನು ಕರೆಸಿ, ಎರಡು ಸಲ "ಇನ್ನೂ ಇದೆಯಾ?" ಕೇಳಿಸಿಕೊಂಡು, ಮೂರನೆಯ ಸಲಕ್ಕೆ ರಜೆ ಮಂಜೂರು ಮಾಡಿ ಕಳಿಸಿದ್ದುಂಟು.

ನಾವು ಕೆಲಸ ಮಾಡುವುದು ದೃಷ್ಟಿಯಿಲ್ಲದವರಿಗಾಗಿ ಬ್ರೈಲ್ ಪುಸ್ತಕ ಅಚ್ಚು ಮಾಡುವ ಸಂಸ್ಥೆಯಲ್ಲಿ. ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ದಪ್ಪ ಕಾಗದದ ಮೇಲೆ ಚುಕ್ಕೆ ಒತ್ತುವ ಯಂತ್ರಗಳ ಎಡೆಬಿಡದ ಸದ್ದು, ನಡುವೆ ಪಠ್ಯ ಸಿದ್ಧಪಡಿಸುವ ನನ್ನ ವಿಭಾಗ, ಮೇಲೆ ಕಂಪ್ಯೂಟರಿನವರು. ಅಕ್ಕ ಬಂದು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಕುಳ್ಳಗೆ, ದುಂಡಗೆ, ಮೂಗಿನ ತುದಿಯಲ್ಲಿ ಕನ್ನಡಕ. ಮೈಮೇಲೆ ಬೂದುಬಣ್ಣದ, ಮೊಣಕೈಗೆ ತೇಪೆ ಹಾಕಿದ ಗಂಡಸರ ಕೋಟು. ಅದರ ಜೇಬುಗಳಲ್ಲಿ ಮೋಟು ಪೆನ್ಸಿಲುಗಳೂ ಮಡಿಸಿದ ಚೀಟಿಗಳೂ ಸದಾ ಗಿಜಿಗುಡುತ್ತಿದ್ದವು. ಓಣಿಯಂಥ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒಂದು ಭುಜ ತಾಗಿಸಿಕೊಂಡೇ ನಡೆಯುತ್ತಿದ್ದರು. ತಿರುವು ಬಂದಲ್ಲೆಲ್ಲ ನಿಂತು, ಆಚೆಯಿಂದ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದಿನ ಹೆಜ್ಜೆ. ನಮ್ಮಲ್ಲಿ ಕೋಲು ತಟ್ಟುತ್ತ ಓಡಾಡುವವರು ಅನೇಕರಿದ್ದುದರಿಂದ ಅದು ಸೌಜನ್ಯವೆಂದು ನಾನು ಮೊದಲು ಭಾವಿಸಿದ್ದೆ; ಅವರು ಖಾಲಿ ಮೆಟ್ಟಿಲ ಮೇಲೂ ಹಾಗೆಯೇ ನಡೆಯುತ್ತಾರೆಂದು ಆಮೇಲೆ ತಿಳಿಯಿತು.

ಪೈಪಕ್ಕ ಎಂಬ ಹೆಸರು ಬಂದದ್ದಕ್ಕೆ ಕಾರಣ ಅವರ ಕಸುಬಿನ ಮಾತು. ಒಂದು ಪ್ರೋಗ್ರಾಂ ಎಲ್ಲ ಕೆಲಸವನ್ನೂ ತಾನೇ ಮಾಡದೆ, ಇನ್ನೊಂದನ್ನು ಹುಟ್ಟಿಸಿ ಅದರ ಕೈಗೆ ಕೆಲಸ ಒಪ್ಪಿಸುವುದುಂಟಂತೆ. ಹುಟ್ಟಿಸಿದ್ದು ತಾಯಿ, ಹುಟ್ಟಿದ್ದು ಮಗು. ಕಂಪ್ಯೂಟರಿನವರು ಅದನ್ನು ಚೈಲ್ಡ್ ಪ್ರೊಸೆಸ್ ಎನ್ನುತ್ತಾರೆ. ತಾಯಿಗೂ ಮಗುವಿಗೂ ನೇರವಾಗಿ ಮಾತಿಲ್ಲ. ಇಬ್ಬರ ನಡುವೆ ಪೈಪುಗಳಿರುತ್ತವೆ. ಈ ಬಾಯಲ್ಲಿ ಹಾಕಿದ್ದು ಆ ಬಾಯಲ್ಲಿ ಬರುತ್ತದೆ. ಇಂಥ ವ್ಯವಸ್ಥೆಗಳನ್ನು ಕಟ್ಟುವುದು, ಕೆಟ್ಟರೆ ರಿಪೇರಿ ಮಾಡುವುದು ಅಕ್ಕನ ಇಡೀ ಬದುಕಿನ ಕೆಲಸ. ಫೋನಿನಲ್ಲಿ ದಿನವಿಡೀ "ಪೈಪ್ ಕಟ್ಟಿಕೊಂಡಿದೆ", "ಆ ಕಡೆ ಬಾಯಿ ಮುಚ್ಚಿಲ್ಲ ನೋಡಿ" ಎನ್ನುತ್ತಿದ್ದುದನ್ನು ಕೇಳಿ ಕೇಳಿ, ಕಟ್ಟಡ ನೋಡಿಕೊಳ್ಳುವವರು ಒಂದು ದಿನ ನೆಲಮಹಡಿಯ ಕೈತೊಳೆಯುವ ಬೇಸಿನ್ನು ಕಟ್ಟಿಕೊಂಡಾಗ ನೇರವಾಗಿ ಇವರಿಗೇ ಫೋನು ಮಾಡಿದರು. ಅಕ್ಕ ಚಕಾರವೆತ್ತದೆ ಇಳಿದು ಬಂದು, ಕೋಟಿನ ತೋಳು ಮಡಿಸಿ, ಬೇಸಿನ್ನಿನ ಕೆಳಗೆ ಬಗ್ಗಿ, ಕಾಲು ಗಂಟೆಯಲ್ಲಿ ನೀರು ಹರಿಯುವಂತೆ ಮಾಡಿ ಕೈ ಒರೆಸಿಕೊಂಡರು. "ನಿಮ್ಮ ಕೆಲಸ ಇದಲ್ಲವಂತೆ, ಯಾಕೆ ಹೇಳಲಿಲ್ಲ?" ಎಂದು ಆತ ಸಂಕೋಚಪಟ್ಟರೆ, "ಪೈಪ್ ಅಂದ್ರಲ್ಲ, ಅದಕ್ಕೆ ಬಂದೆ" ಎಂದರಂತೆ. ಅಂದಿನಿಂದ ಆ ಹೆಸರು ಅವರಿಗೆ ಅಂಟಿಕೊಂಡಿತು.

"ನಂದು ಮುಗೀತು" ಎನ್ನುವ ಚಾಳಿಯ ಮೂಲವನ್ನು ಅವರೇ ಒಮ್ಮೆ ನನಗೆ ಹೇಳಿದ್ದರು. ಮೊದಲ ಕೆಲಸ ಗಾಳಿ-ಮಳೆಯ ಅಂಕಿಅಂಶ ಕಲೆಹಾಕುವ ಕಚೇರಿಯಲ್ಲಿ. ಅಲ್ಲಿ ಅವರು ಬರೆದ ಪ್ರೋಗ್ರಾಂ ಒಂದು ಮಗುವಿಗೆ ಅಂಕಿಗಳನ್ನೆಲ್ಲ ಪೈಪಿನಲ್ಲಿ ಕಳಿಸಿ, ಕೂಡಿಸಿ ಹೇಳು ಎಂದು ಕಾಯುತ್ತ ಕುಳಿತಿತು. ಮೂರು ದಿನ ಕಳೆದರೂ ಉತ್ತರವಿಲ್ಲ. ಕೊನೆಗೆ ನೋಡಿದರೆ, ಅಂಕಿ ಕಳಿಸಿ ಮುಗಿದ ಮೇಲೆ ಪೈಪಿನ ಈ ಬಾಯನ್ನು ಮುಚ್ಚುವುದನ್ನೇ ಇವರು ಮರೆತಿದ್ದರು. ಬಾಯಿ ತೆರೆದಿರುವವರೆಗೆ ಇನ್ನಷ್ಟು ಬರಬಹುದೆಂದು ಮಗು ಕಾಯಲೇಬೇಕು. "ತಪ್ಪು ಅದರದ್ದಲ್ಲ ಸಂಪಾದಕರೇ. ಮುಗೀತು ಅಂತ ನಾನು ಹೇಳಿದ್ರೆ ತಾನೆ ಅದು ಕೂಡೋಕೆ ಶುರುಮಾಡೋದು? ಮೂರು ದಿನ, ಪಾಪ, ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿತ್ತು." ಇಪ್ಪತ್ತೈದು ವರ್ಷ ಹಿಂದಿನ ಆ ಪ್ರಮಾದದ ನಾಚಿಕೆ ಅವರ ಮುಖದಲ್ಲಿ ಆಗ ತಾನೇ ನಡೆದಂತೆ ಮೂಡಿತ್ತು.

ಮನೆಯಲ್ಲಿ ಈ ನಿಯಮಕ್ಕೆ ಬೇರೆಯದೇ ಸೊಗಸು. ಅವರ ಯಜಮಾನರು ನಿವೃತ್ತ ಭೂಗೋಳದ ಅಧ್ಯಾಪಕರು. ಎತ್ತರದ, ಧಾರಾಳ ಮನಸ್ಸಿನ, ಅದಕ್ಕಿಂತ ಧಾರಾಳವಾದ ಮಾತಿನ ಮನುಷ್ಯ. ನಾನು ಹೋದ ದಿನ ಚಹಾ ಲೋಟ ಹಿಡಿದುಕೊಂಡೇ ನದಿಗಳು ದಿಕ್ಕು ಬದಲಿಸುವ ಬಗೆಯನ್ನು ಮುಕ್ಕಾಲು ಗಂಟೆ ವಿವರಿಸಿದರು. ಅಕ್ಕ ಮೊಣಕಾಲ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಆತ ಉಸಿರು ತೆಗೆದುಕೊಳ್ಳಲು ನಿಂತಾಗ ಬೆರಳೆತ್ತಿ, "ಇನ್ನೂ ಇದೆಯಾ?" ಎಂದರು. "ಇದೆ ಕಣೇ, ಮುಖ್ಯವಾದದ್ದೇ ಬಾಕಿ ಇದೆ" ಎಂದು ಆತ ಹಿಗ್ಗಿ ಮುಂದುವರಿಸಿದರು. ನನ್ನತ್ತ ತಿರುಗಿ, "ಮೂವತ್ತು ವರ್ಷ ಪಾಠ ಮಾಡಿದ್ದೀನಿ ಸ್ವಾಮಿ. ಇನ್ನೂ ಇದೆಯಾ ಅಂತ ಆಸೆಯಿಂದ ಕೇಳಿದ ವಿದ್ಯಾರ್ಥಿ ಇವಳೊಬ್ಬಳೇ. ಅದಕ್ಕೇ ಆ ಕೋಟು ಅವಳ ಹತ್ತಿರಾನೇ ಇರಲಿ ಅಂತ ಬಿಟ್ಟಿದ್ದೀನಿ" ಎಂದರು. ಕೋಟು ಆತನದೆಂದು ನನಗೆ ಆಗ ಗೊತ್ತಾಯಿತು.

ಇನ್ನು ಅವರು ನಮ್ಮಲ್ಲಿಗೆ ಬಂದ ಎರಡನೆಯ ತಿಂಗಳಲ್ಲಿ ನಡೆದ ಸಂಗತಿ. ಅದನ್ನು ಹೇಳುವಾಗ ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕಾಗುತ್ತದೆ. ಅದು ಅಷ್ಟೇನೂ ಹೆಮ್ಮೆಯ ಭಾಗವಲ್ಲ.

ಎರಡು ವರ್ಷಗಳಿಂದ ಸಂಸ್ಥೆಗೆ ಒಂದು ವಿಚಿತ್ರ ಕಾಯಿಲೆ ಹತ್ತಿತ್ತು. ಕತೆ, ಚರಿತ್ರೆ, ವಿಜ್ಞಾನ, ಎಷ್ಟೇ ದಪ್ಪ ಪುಸ್ತಕವಾದರೂ ಕಂಪ್ಯೂಟರಿನಲ್ಲಿ ಸರಾಗವಾಗಿ ಬ್ರೈಲಿಗೆ ತಿರುಗುತ್ತಿತ್ತು. ಮೇಲಿನ ತರಗತಿಯ ಗಣಿತ ಹಾಕಿದರೆ ಮಾತ್ರ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ತಪ್ಪಾಯಿತೆಂದು ಹೇಳುವುದಿಲ್ಲ, ಆರಿಹೋಗುವುದೂ ಇಲ್ಲ, ಸುಮ್ಮನೆ ನಿಲ್ಲುವುದು. ಯಂತ್ರ ಬಿಸಿಯಾಗಿದೆ ಎಂದರು ಕೆಲವರು, ಕಾಗದ ಸರಿಯಿಲ್ಲ ಎಂದರು ಕೆಲವರು. ಕಡೆಗೆ ಯಾರೋ ಒಂದು ಉಪಾಯ ಕಂಡುಹಿಡಿದರು: ಪುಸ್ತಕವನ್ನು ನಾಲ್ಕು ತುಂಡು ಮಾಡಿ ಒಂದೊಂದಾಗಿ ಹಾಕಿದರೆ ಹೋಗುತ್ತದೆ. ಅದೇ ಪದ್ಧತಿಯಾಯಿತು. ಯಾಕೆ ಎಂದು ಕೇಳುವುದನ್ನು ನಾವು ಬಿಟ್ಟೆವು.

ಅಕ್ಕ ಕೇಳಿದರು. ಆ ವರ್ಷದ ಗಣಿತ ಪುಸ್ತಕವನ್ನು ಮೂರು ವಾರದೊಳಗೆ ಶಾಲೆಗೆ ಕಳಿಸಬೇಕಿತ್ತು. ತುಂಡು ಮಾಡಲು ನಾನು ಹೊರಟಾಗ ಅವರು ತಡೆದು, "ಇಡೀ ಪುಸ್ತಕಾನೇ ಹಾಕಿ. ಅದು ಹೇಗೆ ನಿಲ್ಲುತ್ತೆ ಅಂತ ನಾನು ನೋಡ್ಬೇಕು" ಎಂದರು. ಎರಡು ದಿನ ಪರದೆಯ ಮುಂದೆ ಕೂತರು. ಬ್ರೈಲಿಗೆ ತಿರುಗಿಸುವ ಪ್ರೋಗ್ರಾಂ ಬಹಳ ಹಳೆಯದು. ಬರೆದವರು ಕಾಲವಾಗಿ ಎಷ್ಟೋ ವರ್ಷವಾಗಿತ್ತು, ಅದರೊಳಗೆ ಕೈಹಾಕುವಂತಿರಲಿಲ್ಲ. ಅದನ್ನು ಮಗುವಾಗಿ ಇಟ್ಟುಕೊಂಡು ನಡೆಸುವ ದೊಡ್ಡ ಪ್ರೋಗ್ರಾಮನ್ನು ಹೊರಗಿನವರು ಯಾರೋ ಬರೆದುಕೊಟ್ಟು ಹೋಗಿದ್ದರು. ಎರಡನೆಯ ದಿನ ಮಧ್ಯಾಹ್ನ ಅಕ್ಕ ನನ್ನನ್ನು ಮೇಲಕ್ಕೆ ಕರೆದರು.

"ನೋಡಿ ಸಂಪಾದಕರೇ, ತಾಯಿ ಕೂತಿದ್ದಾಳೆ, ಮಗೂನೂ ಕೂತಿದೆ. ಯಾರಿಗೂ ಏನೂ ಆಗಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯ್ತಾ ಇದ್ದಾರೆ, ಅಷ್ಟೇ."

"ಯಾಕೆ ಕಾಯ್ಬೇಕು?"

"ಮಗುವಿಗೆ ಮೂರು ಪೈಪ್ ಇದೆ. ಒಂದರಲ್ಲಿ ಪಠ್ಯ ಒಳಗೆ ಬರುತ್ತೆ, ಇನ್ನೊಂದರಲ್ಲಿ ಬ್ರೈಲ್ ಹೊರಗೆ ಹೋಗುತ್ತೆ. ಮೂರನೇದು, ಏನಾದ್ರೂ ತೊಂದರೆ ಆದ್ರೆ ದೂರು ಹೇಳೋಕೆ. ತಾಯಿ ಎರಡನೇದಕ್ಕೆ ಮಾತ್ರ ಕಿವಿ ಕೊಟ್ಟು ಕೂತಿದ್ದಾಳೆ. ಮೂರನೇದನ್ನ ಒಂದು ದಿನಾನೂ ಮುಟ್ಟಿ ನೋಡಿಲ್ಲ. ಪೈಪಿಗೂ ಒಂದು ಅಳತೆ ಇರುತ್ತಲ್ಲ? ದೂರು ತುಂಬಿ ತುಂಬಿ ಜಾಗ ಇಲ್ಲದ ಹಾಗೆ ಆಗಿದೆ. ಜಾಗ ಆಗೋವರೆಗೂ ಮಗು ಕದಲಲ್ಲ. ಮಗು ಕದಲದೆ ಬ್ರೈಲ್ ಬರಲ್ಲ, ಬ್ರೈಲ್ ಬರದೆ ತಾಯಿ ಕದಲಲ್ಲ. ತುಂಡು ಮಾಡಿದ್ರೆ ಪ್ರತಿ ಸಲ ಹೊಸ ಮಗು, ಹೊಸ ಪೈಪು. ತುಂಬೋಕೆ ಮುಂಚೆ ಕೆಲಸ ಆಗಿಹೋಗುತ್ತೆ. ನಂದು ಮುಗೀತು."

ಸುದ್ದಿ ಕೇಳಿ ನಿರ್ದೇಶಕರಿಗೆ ಖುಷಿಯೋ ಖುಷಿ. "ಹಾಗಾದ್ರೆ ಆ ಮೂರನೇ ಪೈಪನ್ನ ಸೀದಾ ಚರಂಡಿಗೆ ಬಿಟ್ಬಿಡಿ!"

"ಬಿಡಬಹುದು ಸರ್. ಒಂದು ಸಾಲು ಬರೆದ್ರೆ ಸಾಕು, ಐದು ನಿಮಿಷದ ಕೆಲಸ."

"ಮತ್ತಿನ್ನೇನು?"

"ಇಷ್ಟೊಂದು ಏನು ಹೇಳ್ತಾ ಇದೆ ಅಂತ ಯಾರೂ ಕೇಳೇ ಇಲ್ವಲ್ಲ. ಮೊದಲು ಕೇಳೋಣ."

ತಾಯಿ ಎರಡೂ ಪೈಪುಗಳಿಗೆ ಒಟ್ಟಿಗೆ ಕಿವಿಗೊಡುವಂತೆ ಅಕ್ಕ ತಿದ್ದಿದರು. ಪುಸ್ತಕ ಒಂದೇ ಉಸಿರಿಗೆ ಕೊನೆ ಮುಟ್ಟಿತು. ಮೂರನೆಯ ಪೈಪಿನಲ್ಲಿ ಬಂದದ್ದನ್ನು ಕಾಗದದ ಮೇಲೆ ತೆಗೆಸಿದಾಗ ಮೂರು ಸಾವಿರಕ್ಕೂ ಹೆಚ್ಚು ಸಾಲುಗಳಿದ್ದವು, ಎಲ್ಲದರಲ್ಲೂ ಒಂದೇ ಮಾತು: ಇಂಥ ಸಾಲಿನಲ್ಲಿ ಗೊತ್ತಿಲ್ಲದ ಚಿಹ್ನೆ ಇದೆ, ಬಿಟ್ಟು ಮುಂದೆ ಹೋಗಿದ್ದೇನೆ. ಅಕ್ಕ ಮೋಟು ಪೆನ್ಸಿಲು ಹಿಡಿದು, ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಸಾಲು ಹುಡುಕಿದರು. ನಾನೂ ಜೊತೆಗೆ ಕೂತೆ. ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ವಿಷಯ ನನಗೆ ತಿಳಿದುಹೋಯಿತು. ಎರಡು ವರ್ಷದ ಹಿಂದೆ ನನ್ನ ವಿಭಾಗಕ್ಕೆ ಹೊಸ ಅಕ್ಷರಜೋಡಣೆ ಬಂದಾಗ, ಏಳರಲ್ಲಿ ಮೂರು ಕಳೆಯುವ ಗೀಟು ಹಳೆಯದೇ ಉಳಿದಿತ್ತು. ಮೈನಸ್ ಐದು, ಮೈನಸ್ ಎಂಟು ಎಂದು ಸಂಖ್ಯೆಯ ಎಡಕ್ಕೆ ಅಂಟಿ ಬರುವ ಪುಟ್ಟ ಗೀಟು ಮಾತ್ರ ಬೇರೆಯಾಗಿತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಚಿಹ್ನೆ. ಹಳೆಯ ಪ್ರೋಗ್ರಾಮಿಗೆ ಈ ಎರಡನೆಯದು ಗೊತ್ತೇ ಇರಲಿಲ್ಲ. ನಾವು ಅಚ್ಚು ಮಾಡಿದ ಗಣಿತ ಪುಸ್ತಕಗಳಲ್ಲಿ ಎರಡು ವರ್ಷದಿಂದ ಮೈನಸ್ ಐದು ಬರೀ ಐದಾಗಿತ್ತು.

ಆಗ ನನಗೆ ಚೀಟಿಗಳ ನೆನಪಾಯಿತು. ನಮ್ಮಲ್ಲಿ ಕರಡು ತಿದ್ದುವವರೊಬ್ಬರಿದ್ದರು. ಹುಟ್ಟುಕುರುಡರು, ಬೆರಳಿನಿಂದ ಓದುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಎಲ್ಲರಿಗೂ ಅವರು ಬೆರಳು ಮೇಷ್ಟ್ರು. ಮೂಲವನ್ನು ಜೋರಾಗಿ ಓದಿ ಹೇಳುವ ಸಹಾಯಕರನ್ನು ತೆಗೆದುಹಾಕಿದ ಮೇಲೆ ಮೇಷ್ಟ್ರು ಒಬ್ಬರೇ ಓದುತ್ತಿದ್ದರು. ಅನುಮಾನ ಬಂದಲ್ಲಿ ಟೈಪು ಮಾಡಿದ ಚೀಟಿಯೊಂದನ್ನು ಕರಡಿಗೆ ಲಗತ್ತಿಸಿ ನನಗೆ ಕಳಿಸುತ್ತಿದ್ದರು. ನಾನು ಕೆಳಗಿಳಿದು ಬೀರು ತೆಗೆದೆ. ನಲವತ್ತೊಂದು ಚೀಟಿಗಳಿದ್ದವು. "ಪುಟ ಅರವತ್ತೊಂದು: ಲೆಕ್ಕ ಹೊಂದುತ್ತಿಲ್ಲ, ದಯವಿಟ್ಟು ಮೂಲ ನೋಡಿ." "ಪುಟ ನೂರ ಎರಡು: ಉತ್ತರ ಬೇರೆ ಬರುತ್ತಿದೆ, ಮೂಲ ನೋಡಿ." ಪ್ರತಿಯೊಂದರ ಅಡಿಯಲ್ಲೂ "ನೋಡಿದೆ" ಎಂದು ಬರೆದು ಸಹಿ ಹಾಕಲಾಗಿತ್ತು. ಸಹಿ ನನ್ನದು.

ಚೀಟಿಗಳ ಕಟ್ಟನ್ನು ಅಕ್ಕನ ಮುಂದಿಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಬೆರಳೆತ್ತಿದರು. "ಇನ್ನೂ ಇದೆಯಾ?"

"ಇದೆ. ಒಂದನ್ನೂ ಓದದೇ ಸಹಿ ಹಾಕಿದ್ದೆ."

ಅಕ್ಕ ಕಟ್ಟು ಬಿಚ್ಚಿದರು. ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, "ಹಾಗಾದ್ರೆ ಈಗ ಓದೋಣ ಬನ್ನಿ" ಎಂದು ಎದ್ದರು. ಮೇಷ್ಟ್ರ ಮೇಜಿನ ಎದುರು ಕುಳಿತು ನಾನು ನಲವತ್ತೊಂದನ್ನೂ ಜೋರಾಗಿ ಓದಿದೆ. ಅಕ್ಕ ಒಂದೊಂದಕ್ಕೂ ಮೂಲದ ಸಾಲು ತೆಗೆದು ಹೇಳಿದರು. ಮೇಷ್ಟ್ರು ಕೈಕಟ್ಟಿ ಕೇಳಿದರು. ಕೊನೆಯಲ್ಲಿ ಒಂದು ನಗೆ ನಕ್ಕು, "ನನಗೇ ಲೆಕ್ಕ ಮರೆತುಹೋಯ್ತೇನೋ ಅಂದ್ಕೊಂಡಿದ್ದೆ ತಾಯಿ. ಇದೇ ವಯಸ್ಸಾಗೋದು ಅಂದ್ರೆ ಅಂತ" ಎಂದರು. ಆಮೇಲೆ ನಗು ಇಳಿಸಿ, "ನಾನು ಓದಿದ ಶಾಲೆಗೇ ಈ ಪುಸ್ತಕ ಹೋಗೋದು. ಎರಡು ವರ್ಷದಿಂದ ಅಲ್ಲಿನ ಗಣಿತದ ಟೀಚರು ಒಂದೇ ಮಾತು ಹೇಳ್ತಾರೆ: ಈ ಮಕ್ಕಳಿಗೆ ಮೈನಸ್ ಸಂಖ್ಯೆ ತಲೆಗೇ ಹತ್ತಲ್ಲ" ಎಂದರು.

ನಿರ್ದೇಶಕರು ಕೆಟ್ಟವರಲ್ಲ, ಸಂಸ್ಥೆಯ ಹೆಸರನ್ನು ಕೂಸಿನಂತೆ ಸಾಕಿದವರು. "ಹೊಸ ಪುಸ್ತಕ ಸರಿಯಾಗಿ ಕೊಡೋಣ. ಹಳೇದನ್ನ ಯಾಕೆ ಕೆದಕೋದು?" ಎಂದರು.

"ಪುಸ್ತಕ ತಿದ್ದಿದ್ರೆ ಪುಸ್ತಕ ಸರಿಹೋಗುತ್ತೆ ಸರ್. ಅದನ್ನ ಓದಿದ ಮಕ್ಕಳು ತಾವು ದಡ್ಡರು ಅಂತ ನಂಬ್ಕೊಂಡು ಕೂತಿದ್ದಾರಲ್ಲ? ಅದನ್ನ ಯಾರು ತಿದ್ತಾರೆ?" ಎಂದರು ಅಕ್ಕ.

ನಿರ್ದೇಶಕರು ಸಂಸ್ಥೆಯ ಹೆಸರಿದ್ದ ಹಾಳೆಯೊಂದನ್ನು ತೆಗೆದು ಅಕ್ಕನತ್ತ ಸರಿಸಿದರು. "ಪತ್ರ ಬರೀರಿ, ಸಹಿ ಮಾಡ್ತೀನಿ. ಆದ್ರೆ ಪತ್ರ ಒಂದೇ ಕಳಿಸಬೇಡಿ, ನೀವೇ ಹೋಗಿ ಬನ್ನಿ" ಎಂದರು.

ಹೋದವರು ಮೂವರು: ಅಕ್ಕ, ಮೇಷ್ಟ್ರು, ನಾನು. ಗಣಿತದ ಟೀಚರು ಮಧ್ಯವಯಸ್ಸಿನ ಹೆಂಗಸು. ಪತ್ರ ಓದುತ್ತ ಓದುತ್ತ ಕುರ್ಚಿಗೆ ಒರಗಿದರು. ಅವರ ಬಳಿ ಇದ್ದದ್ದು ಕಣ್ಣಿಂದ ಓದುವ ಪುಸ್ತಕ, ಮಕ್ಕಳ ಬಳಿ ಇದ್ದದ್ದು ನಮ್ಮದು; ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಮೇಯ ಯಾರಿಗೂ ಬಂದಿರಲಿಲ್ಲ. ಅವರು ತರಗತಿಗೆ ನಮ್ಮನ್ನು ಕರೆದೊಯ್ದು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಮಕ್ಕಳಿಗೆ ಹೇಳಿದರು. ಎರಡನೆಯ ಸಾಲಿನಿಂದ ಹದಿನೈದರ ಆಸುಪಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಹಾಗಾದ್ರೆ ನಾನು ಮಾಡಿದ್ದು ಸರಿ ಇತ್ತಾ ಮಿಸ್?"

ಟೀಚರು, ಅವಳು ಬ್ರೈಲಿನಲ್ಲಿ ಬರೆದ ಪರೀಕ್ಷೆಯ ಹಾಳೆಗಳನ್ನು ಬೀರುವಿನಿಂದ ತೆಗೆದು ಮೇಷ್ಟ್ರ ಕೈಗಿತ್ತರು. ಅದರ ಪ್ರಶ್ನೆಗಳೆಲ್ಲ ನಮ್ಮ ಪುಸ್ತಕದ ಅಭ್ಯಾಸಗಳೇ. ಮೇಷ್ಟ್ರು ಒಂದು ಕೈಯನ್ನು ಪುಸ್ತಕದ ಮೇಲೂ ಇನ್ನೊಂದನ್ನು ಹಾಳೆಯ ಮೇಲೂ ಓಡಿಸಿದರು. ಇಡೀ ತರಗತಿ ಆ ಬೆರಳುಗಳು ಉಜ್ಜುವ ಸದ್ದನ್ನು ಆಲಿಸುತ್ತಿತ್ತು.

"ನಾವು ಕೊಟ್ಟ ಪುಸ್ತಕದ ಪ್ರಕಾರ ಒಂದೇ ಒಂದು ತಪ್ಪಿಲ್ಲ ಕಣಮ್ಮ."

"ಮತ್ತೆ ನಂಗೆ ಬೈದಿದ್ದು?"

"ಅದನ್ನ ವಾಪಸ್ ತಗೋತೀನಿ" ಎಂದರು ಟೀಚರು, ಕಣ್ಣೊರೆಸಿಕೊಳ್ಳುತ್ತ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಎರಡು ವರ್ಷದ ಭಾರ ಇಳಿದದ್ದು ನಮಗೂ ತಿಳಿಯುವಂತಿತ್ತು. ಹುಡುಗಿ ಮಾತ್ರ ಕೂರಲಿಲ್ಲ, ತಪ್ಪು ಹೇಗಾಯಿತೆಂದು ಅವಳಿಗೆ ತಿಳಿಯಬೇಕಿತ್ತು. ಅಕ್ಕ ಅವಳ ಬೆಂಚಿನ ತುದಿಯಲ್ಲಿ ಕೂತು ತಾಯಿ, ಮಗು, ಮೂರು ಪೈಪುಗಳ ಕತೆಯನ್ನೆಲ್ಲ ಹೇಳಿದರು.

"ಅಂದ್ರೆ ಅದು ಹೇಳ್ತಾನೇ ಇತ್ತಾ?"

"ಹೇಳ್ತಾನೇ ಇತ್ತು."

"ಯಾರೂ ಕೇಳ್ಲಿಲ್ವಾ?"

"ಇಲ್ಲ ಮಗಳೇ."

"ಪಾಪ" ಎಂದಳು ಹುಡುಗಿ. ತನ್ನನ್ನು ಕುರಿತಲ್ಲ, ಆ ಪ್ರೋಗ್ರಾಮನ್ನು ಕುರಿತು.

ಪುಟ್ಟ ಗೀಟುಗಳನ್ನೆಲ್ಲ ಹಳೆಯ ಗೀಟಿಗೆ ಬದಲಿಸಿ ತಿದ್ದಿದ ಪುಸ್ತಕ ಹದಿನಾಲ್ಕು ಸಂಪುಟಗಳಲ್ಲಿ, ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಶಾಲೆ ತಲುಪಿತು. ಹಳೆಯ ಪ್ರತಿಗಳನ್ನೆಲ್ಲ ವಾಪಸು ತರಿಸಿದೆವು. ಮೂಲ ಓದಿ ಹೇಳುವ ಸಹಾಯಕರನ್ನು ನಿರ್ದೇಶಕರು ಮತ್ತೆ ನೇಮಿಸಿದರು. ಈಗ ಪ್ರತಿ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮೇಷ್ಟ್ರ ಮೇಜಿನ ಮುಂದೆ ಕೂತು ಅವರ ಚೀಟಿಗಳನ್ನು ಓದುತ್ತೇನೆ, ಅಕ್ಕ ಮೂರನೆಯ ಪೈಪಿನಲ್ಲಿ ಬಂದ ಸಾಲುಗಳನ್ನು ಓದುತ್ತಾರೆ. ಮೇಷ್ಟ್ರು ಇಬ್ಬರಿಗೂ ತಮಾಷೆ ಮಾಡುತ್ತ ಚಹಾ ಹೀರುತ್ತಾರೆ. ದಿನದ ಉಳಿದ ಭಾಗ ಹೇಗೇ ಇರಲಿ, ಆ ಅರ್ಧ ಗಂಟೆ ನನಗೆ ಬಹಳ ಇಷ್ಟ.

ಇಂಥವರನ್ನು ಬುದ್ಧಿವಂತರೆಂದು ಕರೆದು ಸುಮ್ಮನಾಗುವುದು ಸುಲಭ. ಬುದ್ಧಿವಂತರಿಗೆ ನಮ್ಮಲ್ಲಿ ಮೊದಲೂ ಬರವಿರಲಿಲ್ಲ. ಪುಸ್ತಕವನ್ನು ತುಂಡು ಮಾಡುವ ಉಪಾಯ ಹೂಡಿದವರೂ ಬುದ್ಧಿವಂತರೇ, ಓದದೆ ಸಹಿ ಹಾಕಿ ಸಮಯ ಉಳಿಸಿದ ನನ್ನನ್ನೂ ಒಂದು ಕಾಲಕ್ಕೆ ಚುರುಕಿನ ಮನುಷ್ಯನೆಂದು ಹೊಗಳಿದ್ದರು. ನಿಂತ ಕೆಲಸವನ್ನು ಹೇಗಾದರೂ ಮುಂದಕ್ಕೆ ತಳ್ಳುವವರು ಲೋಕದಲ್ಲಿ ಧಾರಾಳವಾಗಿದ್ದಾರೆ, ಅವರಿಂದಲೇ ಲೋಕ ನಡೆಯುತ್ತಲೂ ಇದೆ. ಆದರೆ ಅಪರೂಪಕ್ಕೊಬ್ಬರು, ಕೆಲಸ ನಿಂತ ಜಾಗದಲ್ಲಿ ತಾವೂ ನಿಂತು, ಅದಕ್ಕೇನಾಗಿದೆ ಎಂದು ವಿಚಾರಿಸುತ್ತಾರೆ. ಅವರೊಡನೆ ಕೆಲಸ ಮಾಡುವುದು ಕೆಲವು ದಿನ ತಾಳ್ಮೆಗೆಡಿಸುತ್ತದೆ. ಅವರಿಂದಾಗಿ ಎಲ್ಲವೂ ತುಸು ತಡವಾಗುತ್ತದೆ. ಆದರೂ ಅವರು ಇದ್ದ ಮನೆಯಲ್ಲಿ, ಅವರು ಇದ್ದ ಕಚೇರಿಯಲ್ಲಿ, ದನಿ ಸಣ್ಣದಾದವರು ಮೆಲ್ಲನೆ ಬಾಯಿ ತೆರೆಯತೊಡಗುತ್ತಾರೆ. ಹೇಳಿದ್ದೆಲ್ಲ ಈಡೇರುತ್ತದೆ ಎಂಬ ನಂಬಿಕೆಯಿಂದಲ್ಲ. ಹೇಳಿದ್ದು ಒಬ್ಬರ ಕಿವಿಗಾದರೂ ಬೀಳುತ್ತದೆ ಎಂಬ ನಂಬಿಕೆಯಿಂದ. ಮನುಷ್ಯರು ಹಗುರಾಗಿ ಬದುಕಲು ಅಷ್ಟು ಸಾಕಾಗುತ್ತದೆ ಎಂದು, ಈ ವಯಸ್ಸಿನಲ್ಲಿ, ನನಗೆ ಅನ್ನಿಸತೊಡಗಿದೆ.